ತೋಟೆಯನ್ನು ಕಾಗದದ ಮೇಲೆ ಆರಿಸಿ: ಕಾಡು ಟರ್ಕಿ ಬೇಟೆಗೆ ಹೊರಡುವವರಿಗೆ

ಒಂಬತ್ತು ಹೆಜ್ಜೆ ದೂರದಲ್ಲಿ ಕತ್ತು ನೀಡಿ ನಿಂತ ಇಪ್ಪತ್ತು ಪೌಂಡಿನ ಟರ್ಕಿ ಹುಂಜಕ್ಕೆ ಗುರಿ ತಪ್ಪುವುದು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಸಾಧ್ಯವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅಮೆರಿಕದ ಮಿಸೌರಿ ರಾಜ್ಯದ ದಕ್ಷಿಣಕ್ಕಿರುವ ಓಝಾರ್ಕ್ ಗುಡ್ಡಗಳಲ್ಲಿ, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಓಕ್ ಮರಕ್ಕೆ ಬೆನ್ನು ಕೊಟ್ಟು ಮರಸು ಕೂತಿದ್ದ ನನ್ನ ಎಡಗಡೆಯ ಇಳಿಜಾರಿನಿಂದ ಆ ಹುಂಜ ಒಂದು ಸಲವೂ ಕೂಗದೆ ಹತ್ತಿ ಬಂದಿತ್ತು. ಐವತ್ತು ಗಜ ದೂರದ ಹಕ್ಕಿಯನ್ನು ಬೀಳಿಸಬೇಕೆಂಬ ಹುಮ್ಮಸ್ಸಿನಲ್ಲಿ ನಾನು ಆ ವರ್ಷ ಅತಿ ಬಿಗಿಯಾದ ಚೋಕ್ (ಚರೆ ಬೇಗ ಚದುರದಂತೆ ನಳಿಗೆಯ ಬಾಯನ್ನು ಕಿರಿದಾಗಿಸುವ ಕೊಳವೆ) ಕೊಂಡು ನಳಿಗೆಗೆ ತಿರುಗಿಸಿಕೊಂಡಿದ್ದೆ. ಈಡು ಹಾರಿತು, ಹುಂಜ ಒಮ್ಮೆ ಕುಪ್ಪಳಿಸಿ, ನನ್ನನ್ನು ಸರಿಯಾಗಿ ನೋಡಿ, ಇಳಿಜಾರಿನಲ್ಲಿ ಓಡಿಹೋಯಿತು. ಅದರ ಹಿಂದಿದ್ದ ಎಳೆಯ ಓಕ್ ಮರದ ತೊಗಟೆಯಲ್ಲಿ ಒಂದು ಮೂಸಂಬಿಯಷ್ಟು ಅಗಲದ ಜಾಗ ಮಾತ್ರ ಸಿಪ್ಪೆ ಸುಲಿದಂತೆ ಬೆಳ್ಳಗಾಗಿತ್ತು. ಮುನ್ನೂರು ಚರೆಗಳೂ ಒಟ್ಟಾಗಿ ಅಲ್ಲಿಗೇ ಹೋಗಿದ್ದವು.

ತಪ್ಪು ತೋಟೆಯದೂ ಅಲ್ಲ, ಚೋಕಿನದೂ ಅಲ್ಲ. ಅವೆರಡೂ ಸೇರಿ ನನ್ನ ಕೋವಿಯಲ್ಲಿ ಏನು ಮಾಡುತ್ತವೆ ಎಂಬುದನ್ನು ನಾನು ಕಾಗದದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಟರ್ಕಿ ಬೇಟೆಗೆ ತೋಟೆ ಆರಿಸುವುದನ್ನು ಕುರಿತ ಈ ಬರಹದ ಹೆಚ್ಚಿನ ಭಾಗ ಆ ಕಾಗದದ ಸುತ್ತಲೇ ಇದೆ. ಅಮೆರಿಕದಲ್ಲಿ ನೆಲೆಸಿರುವ, ಅಲ್ಲಿನ ಗೆಳೆಯರ ಜೊತೆ ವಸಂತದ ಬೇಟೆಗೆ ಮೊದಲ ಸಲ ಹೊರಡಲು ಮನಸ್ಸು ಮಾಡಿರುವ ಕನ್ನಡಿಗರನ್ನು ಎದುರಿಗಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಆದ್ದರಿಂದ ಇಲ್ಲಿನ ಯಾವ ಮಾತೂ ಊರಿನ ಕಾಡಿಗೆ ಅನ್ವಯಿಸುವುದಿಲ್ಲ. ನಾನು ಮಲೆನಾಡಿನವನಾದ್ದರಿಂದ ತೋಟೆ, ಚರೆ, ನಳಿಗೆ, ಈಡು, ಮರಸು ಎಂಬ ನಮ್ಮ ಕಡೆಯ ಮಾತುಗಳನ್ನೇ ಬಳಸಿದ್ದೇನೆ. ಕಾರ್ಟ್ರಿಜ್ಜು, ಪೆಲೆಟ್ಟು, ಬ್ಯಾರೆಲ್ಲು, ಶಾಟು, ಅಡಗಿ ಕೂರುವ ಜಾಗ ಎಂದು ಓದಿಕೊಂಡರೂ ಅರ್ಥ ಕೆಡುವುದಿಲ್ಲ.

ಕೋವಿ ಮುಟ್ಟುವ ಮೊದಲು

ಕೆಲಸದ ವೀಸಾದ ಮೇಲಿರುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಎಚ್‌-1ಬಿ ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟೆಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯನ್ನು ಹೊಂದಿರುವುದು. ಹಸಿರು ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಆದರೂ ವಲಸೆಯ ಕಡತ ಇನ್ನೂ ತೆರೆದಿರುವವರು ವಕೀಲರನ್ನು ಒಂದು ಮಾತು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಗೆಳೆಯನ ಕೋವಿಯನ್ನು ಅರ್ಧ ಗಂಟೆ ಹಿಡಿದುಕೊಳ್ಳುವುದೂ ‘ಇಟ್ಟುಕೊಳ್ಳುವುದು’ ಎಂದೇ ಲೆಕ್ಕಕ್ಕೆ ಬರಬಹುದು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಪರವಾನಗಿ ಪಡೆಯಲು ಬೇಟೆ ಶಿಕ್ಷಣದ ತರಗತಿ ಮುಗಿಸಬೇಕಾಗುತ್ತದೆ. ಮಿಸೌರಿಯಲ್ಲಿ 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅದು ಕಡ್ಡಾಯ. ನಂತರ ರಾಜ್ಯದ ಸಂರಕ್ಷಣಾ ಇಲಾಖೆಯು ಪ್ರತಿವರ್ಷ ಹೊರಡಿಸುವ ಟರ್ಕಿ ಬೇಟೆಯ ಕಿರುಹೊತ್ತಗೆಯನ್ನು ಓದಬೇಕು, ಏಕೆಂದರೆ ತೋಟೆಯ ಆಯ್ಕೆಗೆ ಮೊದಲ ಬೇಲಿ ಹಾಕುವುದು ಅದೇ. ಮಿಸೌರಿಯಲ್ಲಿ 4ನೇ ನಂಬರಿಗಿಂತ ದಪ್ಪ ಚರೆಯನ್ನು ಟರ್ಕಿಗೆ ಬಳಸುವಂತಿಲ್ಲ, ಕೋವಿಯ ಚೇಂಬರು (ಹಾರಲಿರುವ ತೋಟೆ ಕೂರುವ ಗೂಡು) ಮತ್ತು ಮ್ಯಾಗಝೀನು (ಉಳಿದ ತೋಟೆಗಳ ಕೋಶ) ಸೇರಿ ಮೂರಕ್ಕಿಂತ ಹೆಚ್ಚು ತೋಟೆ ಇರುವಂತಿಲ್ಲ, ಕಾಳು ಚೆಲ್ಲಿ ಹಕ್ಕಿ ಕರೆಯುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರು ಸೀಸದ ಚರೆಯನ್ನೇ ಮರೆಯಬೇಕು, ಅಲ್ಲಿ 2019ರ ಜುಲೈನಿಂದ ಎಲ್ಲ ಬೇಟೆಗೂ ಸೀಸ ನಿಷಿದ್ಧ. ಬೇರೆ ರಾಜ್ಯಗಳಲ್ಲೂ ಕೆಲವು ಸರ್ಕಾರಿ ಕಾಡುಗಳ ಮಟ್ಟಿಗೆ ಸೀಸ ಬೇಡವೆಂಬ ಫಲಕ ಇರುತ್ತದೆ.

ನಳಿಗೆ ಕೇಳುವ ತೋಟೆ

ಊರಿನಲ್ಲಿ ನಾವು ‘ಹನ್ನೆರಡು ಬೋರಿನ ಕೋವಿ’ ಎನ್ನುವುದನ್ನು ಅಮೆರಿಕದಲ್ಲಿ 12 ಗೇಜ್ ಎನ್ನುತ್ತಾರೆ. ನಳಿಗೆಯ ಒಳಗಾತ್ರಕ್ಕೆ ಸರಿಹೊಂದುವ ಸೀಸದ ಗುಂಡುಗಳು ಎಷ್ಟಾದರೆ ಒಂದು ಪೌಂಡು ತೂಗುತ್ತವೆಯೋ ಆ ಎಣಿಕೆಯೇ ಗೇಜ್. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಗೇಜಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್, 20 ಗೇಜಿನದು ಸುಮಾರು 15.6. ಟರ್ಕಿ ಬೇಟೆಗೆ ಇವೆರಡೂ ಸಾಕು.

ಗೇಜಿನ ಜೊತೆಗೆ ಉದ್ದವನ್ನೂ ನೋಡಬೇಕು. ತೋಟೆಗಳು 2¾, 3 ಮತ್ತು 3½ ಅಂಗುಲದ ಉದ್ದಗಳಲ್ಲಿ ಬರುತ್ತವೆ, ಕೋವಿಯ ಚೇಂಬರು ಎಷ್ಟು ಉದ್ದದ ತೋಟೆಗೆ ಎಂಬುದನ್ನು ನಳಿಗೆಯ ಪಕ್ಕದಲ್ಲೇ ಕೆತ್ತಿರುತ್ತಾರೆ. ಇಲ್ಲೊಂದು ಮೋಸವಿದೆ. ತೋಟೆಯ ಉದ್ದವನ್ನು ಅಳೆಯುವುದು ಅದು ಹಾರಿ, ಮಡಿಚಿದ ಬಾಯಿ ಬಿಚ್ಚಿಕೊಂಡ ಮೇಲೆ. ಹಾರಿಸದ ತೋಟೆ ಅದಕ್ಕಿಂತ ಗಿಡ್ಡವಾಗಿರುತ್ತದೆಯಾದ್ದರಿಂದ 3 ಅಂಗುಲದ ತೋಟೆ 2¾ ಅಂಗುಲದ ಚೇಂಬರಿನಲ್ಲಿ ಯಾವ ತಕರಾರೂ ಇಲ್ಲದೆ ಕೂತುಬಿಡಬಹುದು. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ತೋಟೆ ಕೂತಿತು, ಹಾಗಾಗಿ ಸರಿಯಾದುದೇ ಇರಬೇಕು ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಇದಕ್ಕಿಂತ ಭಯಂಕರವಾದುದು ಗೇಜುಗಳ ಕಲಬೆರಕೆ. ನಮ್ಮ ತಂಡದ ಹಾಸನದ ಗೆಳೆಯರದು 12 ಗೇಜಿನ ಕೋವಿ, ಅವರ ಹೆಂಡತಿಯದು 20 ಗೇಜಿನದು. ಒಂದು ಶನಿವಾರ ಇಬ್ಬರೂ ಗುರಿ ಅಭ್ಯಾಸಕ್ಕೆ ಹೋಗಿ ಬಂದಿದ್ದರು, ಭಾನುವಾರ ಅವರು ಅದೇ ಜಾಕೀಟು ತೊಟ್ಟು ನಮ್ಮೊಡನೆ ಬಂದರು. ಕತ್ತಲಲ್ಲಿ ಕಾರಿನ ಬಾನೆಟ್ಟಿನ ಮೇಲೆ ಜೇಬು ಖಾಲಿ ಮಾಡುವಾಗ ನಾಲ್ಕು ಕೆಂಪು ತೋಟೆಗಳ ನಡುವೆ ಒಂದು ಹಳದಿ ಉರುಳಿತು. “ಅಲ್ರೀ, ಇದು ನನ್ನ ಕೋವಿದಲ್ಲವೇ?” ಎಂದು ಅವರ ಹೆಂಡತಿ ಅದನ್ನು ಎತ್ತಿಕೊಂಡರು. ನಮಗೆ ಯಾರಿಗೂ ಕೆಲಹೊತ್ತು ಮಾತು ಹೊರಡಲಿಲ್ಲ. 20 ಗೇಜಿನ ತೋಟೆಯನ್ನು 12 ಗೇಜಿನ ಕೋವಿಗೆ ಹಾಕಿದರೆ ಅದು ಚೇಂಬರಿನಲ್ಲಿ ನಿಲ್ಲದೆ ಮುಂದಕ್ಕೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಏನೂ ಆಗುವುದಿಲ್ಲ. ತೋಟೆ ಹಾಕಲು ಮರೆತೆನೆಂದು ಹಿಂದಿನಿಂದ 12ರ ತೋಟೆ ತುಂಬಿ ಹಾರಿಸಿದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. 20 ಗೇಜಿನ ತೋಟೆಗೆ ಹಳದಿ ಹೊದಿಕೆ ಹಾಕುವ ರೂಢಿ ಬಂದಿರುವುದೇ ಈ ಕಾರಣಕ್ಕೆ. ಒಂದೇ ಜಾಕೀಟಿನಲ್ಲಿ ಎಂದಿಗೂ ಎರಡು ಗೇಜಿನ ತೋಟೆಗಳನ್ನು ಇಡಬೇಡಿ, ಮತ್ತು ಹೊರಡುವ ಮುನ್ನ ಎಲ್ಲ ಜೇಬುಗಳನ್ನೂ ಬೆಳಕಿನಲ್ಲಿ ಖಾಲಿ ಮಾಡಿ ನೋಡಿ.

3½ ಅಂಗುಲದ ತೋಟೆಯ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು: ಬೇಡ. ಹಗುರವಾದ ಕೋವಿಯಲ್ಲಿ ಅದರ ಒದೆತ ಭುಜವನ್ನು ನೀಲಿಗಟ್ಟಿಸುತ್ತದೆ, ಎರಡನೆಯ ಈಡಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಕಲಿಯುತ್ತದೆ, ಆ ಕೆಟ್ಟ ಅಭ್ಯಾಸ ಬಿಡಿಸಲು ಆಮೇಲೆ ಎರಡು ಹಂಗಾಮು ಬೇಕಾಗುತ್ತದೆ.

ಸೀಸವೋ, ಟಂಗ್‌ಸ್ಟನ್ನೋ

ಟರ್ಕಿ ಹುಂಜದ ಮೈ ದಪ್ಪ ಗರಿಗಳಿಂದ ಮತ್ತು ಎದೆಯ ಮಾಂಸಖಂಡದಿಂದ ಮುಚ್ಚಿರುತ್ತದೆ. ಮೈಗೆ ಹೊಡೆದರೆ ಅದು ಗಾಯಗೊಂಡು ಓಡಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಆದ್ದರಿಂದ ಗುರಿ ಯಾವಾಗಲೂ ತಲೆ ಮತ್ತು ಕತ್ತು. ಅಲ್ಲಿಯೂ ಕೆಲಸ ಮುಗಿಸುವುದು ಮೆದುಳಿಗೆ ಅಥವಾ ಕತ್ತಿನ ಮೂಳೆಗೆ ತಗುಲುವ ನಾಲ್ಕಾರು ಚರೆಗಳು ಮಾತ್ರ. ಹೀಗಾಗಿ ತೋಟೆಯಿಂದ ನಾವು ಬಯಸುವುದು ಎರಡೇ: ಆ ಸಣ್ಣ ಜಾಗಕ್ಕೆ ಸಾಕಷ್ಟು ಚರೆಗಳು ಬೀಳಬೇಕು, ಬಿದ್ದ ಚರೆ ಮೂಳೆ ಮುರಿಯುವಷ್ಟು ಒಳಹೊಗಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ, ಜಗಳವಿರುವುದು ಅಲ್ಲೇ.

ಚರೆಯ ನಂಬರು ಹೆಚ್ಚಾದಷ್ಟೂ ಚರೆ ಸಣ್ಣದು. ಸೀಸದಲ್ಲಿ 4ನೇ ನಂಬರಿನ ಚರೆ ಸುಮಾರು 3.3 ಮಿಲಿಮೀಟರ್ ದಪ್ಪ, ಒಂದು ಔನ್ಸಿಗೆ ಸುಮಾರು 135 ಬರುತ್ತವೆ, 5ನೆಯದು 3 ಮಿಲಿಮೀಟರಿಗೆ ತುಸು ಹೆಚ್ಚು, ಔನ್ಸಿಗೆ 170, 6ನೆಯದು 2.8 ಮಿಲಿಮೀಟರ್, ಔನ್ಸಿಗೆ 225. ಒಂದೂಮುಕ್ಕಾಲು ಔನ್ಸಿನ ತೋಟೆಯಲ್ಲಿ 4ನೇ ನಂಬರಾದರೆ ಸುಮಾರು 236 ಚರೆ, 6ನೆಯದಾದರೆ ಸುಮಾರು 394. ನಲವತ್ತು ಗಜದೊಳಗಿನ ಬೇಟೆಗೆ 5 ಅಥವಾ 6 ಸಾಕೆಂಬುದು ನನ್ನ ಅನುಭವ. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ಕೋವಿ ಕಾಗದದ ಮೇಲೆ ಹೇಳುತ್ತದೆ. ತಾಮ್ರದ ಲೇಪವಿರುವ ಗಟ್ಟಿ ಸೀಸವನ್ನೇ ಕೊಳ್ಳಿ. ಮೆತ್ತಗಿನ ಸೀಸ ನಳಿಗೆಯಲ್ಲೇ ಚಪ್ಪಟೆಯಾಗಿ, ಆಚೆಗೆ ಬಂದ ಮೇಲೆ ದಿಕ್ಕುತಪ್ಪಿ ಚದುರುತ್ತದೆ.

ಕಳೆದ ಕೆಲವು ವರ್ಷಗಳಿಂದ ಎಲ್ಲರ ಬಾಯಲ್ಲೂ ಇರುವುದು ಟಿಎಸ್‌ಎಸ್, ಅಂದರೆ ಟಂಗ್‌ಸ್ಟನ್ ಮಿಶ್ರಲೋಹದ ಚರೆ. 9ನೇ ನಂಬರಿನ ಟಿಎಸ್‌ಎಸ್ ಚರೆ ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲ, ಎರಡು ಮಿಲಿಮೀಟರ್. ಅಷ್ಟು ಸಣ್ಣದು ಟರ್ಕಿಯನ್ನು ಕೊಲ್ಲುತ್ತದೆಂದರೆ ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ಎಂಜಿನಿಯರ ಬುದ್ಧಿ ಎಲ್ಲಿ ಹೋಗುತ್ತದೆ. ಊಟದ ಮೇಜಿನ ಮೇಲೆ ಲೆಕ್ಕ ಹಾಕಿ ನೋಡಿದೆ. ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗುವ ಎರಡು ಗುಂಡನೆಯ ಚರೆಗಳಲ್ಲಿ ಯಾವುದು ಹೆಚ್ಚು ಒಳಹೊಗುತ್ತದೆ ಎಂಬುದನ್ನು ಸ್ಥೂಲವಾಗಿ ಅಳೆಯಲು ಸಾಂದ್ರತೆಯನ್ನು ವ್ಯಾಸದಿಂದ ಗುಣಿಸಿದರೆ ಸಾಕು. ಚರೆಗೆ ಬಳಸುವ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11 ಗ್ರಾಂ, ಟಿಎಸ್‌ಎಸ್‌ನದು ಸುಮಾರು 18. 5ನೇ ನಂಬರಿನ ಸೀಸಕ್ಕೆ ಗುಣಲಬ್ಧ 33ರ ಆಸುಪಾಸು ಬಂದರೆ 9ನೇ ನಂಬರಿನ ಟಿಎಸ್‌ಎಸ್‌ಗೆ 36 ಬರುತ್ತದೆ. ಅಂದರೆ ಒಳಹೊಗುವುದರಲ್ಲಿ ಅದು ಸೀಸದ 5ಕ್ಕೆ ಕಡಿಮೆಯಲ್ಲ, ಆದರೆ ಔನ್ಸಿಗೆ 170ರ ಬದಲು 360 ಚರೆ ತುಂಬುತ್ತವೆ. ಒಂದೂವರೆ ಔನ್ಸಿನ 20 ಗೇಜಿನ ತೋಟೆಯಲ್ಲೇ 540ರಷ್ಟು. 20 ಗೇಜಿನ ಹಗುರ ಕೋವಿಗಳಿಗೆ ಈಗ ಟರ್ಕಿ ಕಾಡಿನಲ್ಲಿ ಮರ್ಯಾದೆ ಬಂದಿರುವುದರ ಗುಟ್ಟು ಇದೇ.

ಉಕ್ಕಿನ ಸಾಂದ್ರತೆ 8ಕ್ಕೂ ಕಡಿಮೆ. 4ನೇ ನಂಬರಿನಲ್ಲೂ ಅದರ ಗುಣಲಬ್ಧ 26ನ್ನು ದಾಟುವುದಿಲ್ಲ. ಆದ್ದರಿಂದ ಉಕ್ಕನ್ನೇ ಬಳಸುವುದಾದರೆ ಮೂವತ್ತು ಗಜದೊಳಗೇ ಇರಬೇಕು. ಸೀಸ ನಿಷಿದ್ಧವಿರುವ ಕಡೆ ಉಕ್ಕಿಗಿಂತ ಬಿಸ್ಮತ್ ಲೋಹದ ಚರೆ ವಾಸಿ.

ಬೆಲೆಯ ಮಾತು ಬಿಟ್ಟರೆ ಈ ಚರ್ಚೆ ಪ್ರಾಮಾಣಿಕವಾಗುವುದಿಲ್ಲ. ಸೀಸದ ಒಳ್ಳೆಯ ಟರ್ಕಿ ತೋಟೆ ಎರಡು ಮೂರು ಡಾಲರಿಗೆ ಸಿಕ್ಕರೆ ಟಿಎಸ್‌ಎಸ್ ತೋಟೆ ಒಂದಕ್ಕೆ ಹತ್ತು ಡಾಲರು ದಾಟುತ್ತದೆ. ಐದು ತೋಟೆಯ ಪೆಟ್ಟಿಗೆ ಕೊಂಡವರು ಅದರಲ್ಲಿ ಒಂದನ್ನೂ ಕಾಗದಕ್ಕೆ ಹೊಡೆಯಲು ಮನಸ್ಸು ಮಾಡುವುದಿಲ್ಲ, ಹಾಗಾಗಿ ದುಬಾರಿ ತೋಟೆಯೇ ಗುರಿ ತಪ್ಪುವುದಕ್ಕೆ ಕಾರಣವಾಗುತ್ತದೆ. ಮೂರು ತೋಟೆಯನ್ನು ಕಾಗದಕ್ಕೆ ಸುಡಲು ಕೈ ಬಾರದ ತೋಟೆಯನ್ನು ಕೊಳ್ಳಲೇಬೇಡಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಕಾಡಿಗೇ ಹೋಗುತ್ತದೆ ಎಂಬುದೊಂದು ಸಮಾಧಾನ: 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ತೋಟೆ ಮತ್ತು ಉದ್ದ ನಳಿಗೆಯ ಬಂದೂಕುಗಳ ಮೇಲೆ ತಯಾರಕರಿಂದ ವಸೂಲಾಗುವ ಶೇಕಡಾ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೆ ಮೀಸಲು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಳಿವಿನಂಚಿಗೆ ಬಂದಿದ್ದ ಈ ಹಕ್ಕಿಯನ್ನು ಬಲೆ ಹಾಕಿ ಹಿಡಿದು ಬೇರೆ ಬೇರೆ ಕಾಡುಗಳಿಗೆ ಸಾಗಿಸಿ ಬಿಟ್ಟಿದ್ದರಲ್ಲಿ ಆ ಹಣದ ಪಾತ್ರ ದೊಡ್ಡದು. ಮಿಸೌರಿಯಲ್ಲಿ ವಸಂತದ ಬೇಟೆ ಮತ್ತೆ ಆರಂಭವಾದದ್ದು 1960ರಲ್ಲಿ.

ಕಾಗದದ ದಿನ

ಹಂಗಾಮಿಗೆ ಮೂರು ವಾರ ಮೊದಲಾದರೂ ಒಂದು ಇಡೀ ಬೆಳಗ್ಗೆಯನ್ನು ಇದಕ್ಕೆ ಮೀಸಲಿಡಿ. ಬೇಕಾಗುವುದು ಇಷ್ಟೇ: ಮೂರಡಿ ಅಗಲದ ಕಂದು ಪೊಟ್ಟಣದ ಕಾಗದದ ಒಂದು ಸುರುಳಿ, ಅದನ್ನು ಸಿಕ್ಕಿಸಲು ರಟ್ಟಿನ ಹಲಗೆ, ದಪ್ಪ ಮಾರ್ಕರ್ ಪೆನ್ನು, ಹತ್ತು ಅಂಗುಲ ಅಗಲದ ಒಂದು ತಟ್ಟೆ, ದೂರ ಅಳೆಯುವ ಟೇಪು, ಕೋವಿ ಇಡಲು ಮರಳಿನ ಚೀಲ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ. ತಟ್ಟೆಯನ್ನು ಅಡುಗೆಮನೆಯಿಂದ ಹೇಳದೆ ತೆಗೆದುಕೊಂಡು ಹೋದರೆ ಆಗುವ ಅನಾಹುತ ಬೇರೆಯದು.

ಮೊದಲು ನಳಿಗೆಯನ್ನು ಒಳಗಿನಿಂದ ಒರೆಸಿ, ಖಾಲಿ ಕೋವಿಯಲ್ಲಿ ಚೋಕನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿ. ಸಡಿಲ ಚೋಕು ಈಡಿನ ಜೊತೆ ಕಿತ್ತುಕೊಂಡು ಹೋಗಬಹುದು, ಇಲ್ಲವೇ ನಳಿಗೆಯ ಬಾಯನ್ನೇ ಉಬ್ಬಿಸಿ ಕೆಡಿಸಬಹುದು. ಚೋಕಿನ ಮೇಲೆ ಯಾವ ಬಗೆಯ ಚರೆಗೆ ಅದು ಸಲ್ಲುತ್ತದೆ ಎಂದು ಬರೆದಿರುತ್ತದೆ. ಸೀಸಕ್ಕೆ ಮಾಡಿದ ಅತಿ ಬಿಗಿ ಚೋಕಿನಲ್ಲಿ ಉಕ್ಕಿನಂಥ ಗಟ್ಟಿ ಚರೆಯನ್ನು ಹಾರಿಸಬಾರದು.

ಮೊದಲ ಈಡು ಹತ್ತು ಗಜದಿಂದ, ಜೇಡಿಮಣ್ಣಿನ ಬಿಲ್ಲೆ ಹೊಡೆಯಲು ಬಳಸುವ ಅಗ್ಗದ 8ನೇ ನಂಬರಿನ ತೋಟೆಯಿಂದ. ಗುರಿಯಿಟ್ಟ ಚುಕ್ಕೆಯ ಮೇಲೆಯೇ ಚರೆ ಬೀಳುತ್ತಿದೆಯೇ ಎಂದು ನೋಡುವುದಷ್ಟೇ ಇದರ ಉದ್ದೇಶ. ಬಹಳಷ್ಟು ಕೋವಿಗಳು ತುಸು ಎಡಕ್ಕೋ ಮೇಲಕ್ಕೋ ಎಳೆಯುತ್ತವೆ. ಹತ್ತು ಗಜದಲ್ಲಿ ಎರಡು ಅಂಗುಲ ಎಡಕ್ಕೆ ಹೋದದ್ದು ನಲವತ್ತು ಗಜದಲ್ಲಿ ಎಂಟು ಅಂಗುಲವಾಗುತ್ತದೆ, ಅಷ್ಟಾದರೆ ಕತ್ತು ಪೂರ್ತಿ ತಪ್ಪಿದಂತೆಯೇ. ಕೆಂಪು ಚುಕ್ಕೆಯ ದೃಷ್ಟಿಯಂತ್ರ ಇದ್ದವರು ಈಗಲೇ ಅದನ್ನು ಸರಿಪಡಿಸಿಕೊಳ್ಳಬೇಕು.

ಆಮೇಲೆ ಬೇಟೆಯ ತೋಟೆಯನ್ನೇ ತುಂಬಿ, ನಲವತ್ತು ಗಜದಿಂದ ಹೊಸ ಕಾಗದಕ್ಕೆ ಒಂದು ಈಡು. ಹತ್ತಿರ ಹೋಗಿ ಚರೆ ಅತಿ ದಟ್ಟವಾಗಿ ಬಿದ್ದ ಜಾಗದ ಮೇಲೆ ತಟ್ಟೆಯಿಟ್ಟು ಸುತ್ತ ಗೆರೆ ಎಳೆದು, ಒಳಗಿನ ತೂತುಗಳನ್ನು ಒಂದೊಂದಾಗಿ ಪೆನ್ನಿನಿಂದ ಹೊಡೆಯುತ್ತಾ ಎಣಿಸಿ. ಹತ್ತು ಅಂಗುಲದ ಆ ವೃತ್ತದೊಳಗೆ ನೂರು ಚರೆ ಇರಬೇಕೆಂಬುದು ಟರ್ಕಿ ಬೇಟೆಗಾರರ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ನೂರು ಬಂದರೆ ನಿಮ್ಮ ಮಿತಿ ನಲವತ್ತು ಗಜ. ಬರಲಿಲ್ಲವೆಂದರೆ ಮೂವತ್ತೈದಕ್ಕೆ, ಮೂವತ್ತಕ್ಕೆ ಬನ್ನಿ. ನೂರು ಎಲ್ಲಿ ಬರುತ್ತದೋ ಅಲ್ಲಿಗೆ ನಿಮ್ಮ ಕೋವಿಯ ಬೇಲಿ. ಎಣಿಕೆಯಷ್ಟೇ ಮುಖ್ಯವಾದುದು ಹರವು: ವೃತ್ತದೊಳಗೆ ಅಂಗೈಯಗಲದ ಖಾಲಿ ಜಾಗಗಳಿದ್ದರೆ, ಎಣಿಕೆ ನೂರಿಪ್ಪತ್ತೇ ಇದ್ದರೂ ಹುಂಜದ ತಲೆ ಆ ಖಾಲಿ ಜಾಗದಲ್ಲಿ ಬದುಕಿ ಉಳಿಯಬಹುದು.

ಇದೇ ಪ್ರಯೋಗವನ್ನು ಪ್ರತಿ ತೋಟೆಗೂ ಎರಡು ಸಲವಾದರೂ ಮಾಡಬೇಕು, ಒಂದೇ ಈಡನ್ನು ನಂಬಬಾರದು. ಚೋಕು ಬಿಗಿಯಾದಷ್ಟೂ ಹರವು ದಟ್ಟವಾಗುತ್ತದೆ ಎಂಬ ನಂಬಿಕೆಯೂ ಯಾವಾಗಲೂ ನಿಜವಲ್ಲ. ನನ್ನ ಕೋವಿಯಲ್ಲಿ 6ನೇ ನಂಬರಿನ ಸೀಸ ಅತಿ ಬಿಗಿ ಚೋಕಿನಿಂದ 71 ಚರೆ ಕೊಟ್ಟರೆ, ಕೋವಿಯ ಜೊತೆಗೇ ಬಂದಿದ್ದ ಮಾಮೂಲಿ ಫುಲ್ ಚೋಕಿನಿಂದ 108 ಕೊಟ್ಟಿತು. ಅರುವತ್ತು ಡಾಲರು ಕೊಟ್ಟು ಕೊಂಡ ಚೋಕು ಈಗ ಕಾಗದಗಳ ಮೇಲೆ ಭಾರ ಇಡಲು ಉಪಯೋಗವಾಗುತ್ತಿದೆ.

ಕಡೆಯದಾಗಿ, ಹೆಚ್ಚಿನವರು ಮಾಡದೆ ಬಿಡುವ ಪ್ರಯೋಗ: ಅದೇ ತೋಟೆ, ಅದೇ ಚೋಕು, ಹತ್ತು ಗಜ. ಕಾಗದದಲ್ಲಿ ಕಾಣುವ ತೂತನ್ನು ನೋಡಿದರೆ ಅದು ಚರೆಯ ಈಡಲ್ಲ, ಒಂಟಿ ಗುಂಡಿನದು ಎನಿಸುತ್ತದೆ. ಹುಂಜ ಎಷ್ಟು ಹತ್ತಿರ ಬಂದರೆ ಅಷ್ಟು ಸುಲಭ ಎಂಬ ಭ್ರಮೆ ಆ ಕ್ಷಣ ಹೋಗುತ್ತದೆ. ಒಂಬತ್ತು ಹೆಜ್ಜೆಯ ನನ್ನ ಹುಂಜ ಬದುಕಿಕೊಂಡದ್ದು ಹೇಗೆಂದು ನನಗೆ ತಿಳಿದದ್ದು ಮರುವರ್ಷ, ಈ ಕಾಗದದ ಮುಂದೆ ನಿಂತಾಗ. ಪ್ರತಿ ಕಾಗದದ ಮೂಲೆಯಲ್ಲಿ ತೋಟೆಯ ಹೆಸರು, ಚರೆಯ ನಂಬರು, ಚೋಕು, ದೂರ ಮತ್ತು ಎಣಿಕೆಯನ್ನು ಬರೆದಿಡಿ. ತೋಟೆಯ ತಯಾರಿಕೆ ಬದಲಾದರೆ, ಚೋಕು ಬದಲಾದರೆ, ಮತ್ತೆ ಮೊದಲಿನಿಂದ.

ಮರಸಿನಲ್ಲಿ

ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಅದು ಹಿಂದಿನಿಂದ ಬರುವ ಇನ್ನೊಬ್ಬ ಬೇಟೆಗಾರನ ಈಡಿನಿಂದ ನಮ್ಮನ್ನು ಕಾಯುವ ಗೋಡೆ. ಹುಂಜದ ತಲೆಯಲ್ಲಿ ಕಾಣುವ ಕೆಂಪು, ಬಿಳಿ, ನೀಲಿ ಬಣ್ಣಗಳು ಬಟ್ಟೆಯಲ್ಲಾಗಲಿ, ಕರವಸ್ತ್ರದಲ್ಲಾಗಲಿ, ಕಾಲುಚೀಲದಲ್ಲಾಗಲಿ ಇರಕೂಡದು. ಇನ್ನೊಬ್ಬ ಬೇಟೆಗಾರ ಬರುತ್ತಿರುವುದು ಕಂಡರೆ ಕೈ ಬೀಸಬೇಡಿ, ಹಕ್ಕಿಯ ಕೂಗು ಹಾಕಬೇಡಿ. ಗಟ್ಟಿಯಾಗಿ ಮನುಷ್ಯರ ಮಾತಿನಲ್ಲಿ ಕೂಗಿ ಹೇಳಿ. ಹುಂಜದ ಕೂಗು ಕೇಳಿದ ಕಡೆಗೆ ತೆವಳಿಕೊಂಡು ಹೋಗಲೂಬಾರದು, ಏಕೆಂದರೆ ಆ ಕೂಗು ನಿಮ್ಮಂಥವನೇ ಒಬ್ಬ ಊದುತ್ತಿರುವ ಪೀಪಿಯದಾಗಿರಬಹುದು. ನಮ್ಮ ತಂಡದ ಇಬ್ಬರು ಒಂದು ಮುಂಜಾನೆ ದಿಣ್ಣೆಯ ಎರಡು ಬದಿಗಳಲ್ಲಿ ಕೂತು, ಒಬ್ಬರ ಹೇಟೆಯ ಕೂಗಿಗೆ ಇನ್ನೊಬ್ಬರು ಮರುಕೂಗು ಹಾಕುತ್ತಾ ಮುಕ್ಕಾಲು ಗಂಟೆ ಕಳೆದರು. ಇಬ್ಬರೂ ಎದ್ದು ಹೋಗದೆ ಕೂತಲ್ಲೇ ಕೂತಿದ್ದರಿಂದ ಅದು ಇಂದು ನಗುವ ಕಥೆಯಾಗಿದೆ.

ಕೂತ ಕೂಡಲೆ ಮಾಡಬೇಕಾದ ಕೆಲಸವೆಂದರೆ ದೂರವಳೆಯುವ ಯಂತ್ರದಿಂದ ಇಪ್ಪತ್ತು, ಮೂವತ್ತು ಮತ್ತು ನಲವತ್ತು ಗಜದಲ್ಲಿರುವ ಒಂದೊಂದು ಮರವನ್ನೋ ಬಂಡೆಯನ್ನೋ ಗುರುತು ಮಾಡಿಕೊಳ್ಳುವುದು. ನಮ್ಮಲ್ಲೊಬ್ಬರು ‘ಖಂಡಿತ ನಲವತ್ತು’ ಎಂದು ಹೊಡೆದ ಹುಂಜದ ಜಾಗವನ್ನು ಆಮೇಲೆ ಅಳೆದಾಗ ಐವತ್ತೆಂಟು ಗಜವಿತ್ತು. ಬಯಲಿನಲ್ಲಿ, ಅದರಲ್ಲೂ ಬೆಳಕು ಹರಿಯುವ ಹೊತ್ತಿನಲ್ಲಿ, ಆ ದೊಡ್ಡ ಹಕ್ಕಿ ಇರುವುದಕ್ಕಿಂತ ಹತ್ತಿರದಲ್ಲಿದ್ದಂತೆ ತೋರುತ್ತದೆ. ನಾಲ್ಕು ಗರಿ ಬಿಟ್ಟು ಅದು ಕಾಡು ಸೇರಿತು. ಮಧ್ಯಾಹ್ನದವರೆಗೆ ಹುಡುಕಿದರೂ ಸಿಗಲಿಲ್ಲ. ಆ ಸಂಜೆ ಅವರು ಊಟ ಮಾಡಲಿಲ್ಲ.

ಬಾಲ ಬೀಸಣಿಗೆಯಂತೆ ಬಿಚ್ಚಿ ಮೆರೆಯುವಾಗ ಹುಂಜ ತಲೆಯನ್ನು ಗರಿಯೊಳಗೆ ಹುದುಗಿಸಿಕೊಂಡಿರುತ್ತದೆ, ಆಗ ಹೊಡೆಯಬಾರದು. ಪೀಪಿಯಿಂದ ಚಿಕ್ಕದಾಗಿ ಒಂದು ‘ಟಕ್’ ಎನ್ನಿಸಿದರೆ ಏನೆಂದು ನೋಡಲು ಕತ್ತು ನೀಡುತ್ತದೆ. ಗರಿ ಮುಗಿದು ಬೋಳು ಕತ್ತು ಶುರುವಾಗುವ ಸಂಧಿಗೆ ಗುರಿಯಿಡಿ, ಹರವಿನ ಮೇಲರ್ಧ ತಲೆಯನ್ನೂ ಕೆಳಗರ್ಧ ಕತ್ತಿನ ಬುಡವನ್ನೂ ಹಿಡಿಯುತ್ತದೆ. ಹುಂಜದ ಎದೆಯಿಂದ ಜೋತುಬಿದ್ದ ಕೂದಲಿನಂಥ ಗಡ್ಡ ಕಾಣದೆ ಟ್ರಿಗರ್ ಮುಟ್ಟಬೇಡಿ, ವಸಂತದಲ್ಲಿ ಗಡ್ಡವಿಲ್ಲದ ಹೇಟೆಯನ್ನು ಹೊಡೆಯುವಂತಿಲ್ಲ. ಮತ್ತು ಅದರ ಹಿಂದೆ ಏನಿದೆಯೆಂದು ನೋಡಿ. ಒಬ್ಬ ಗೆಳೆಯರು ಒಂದೇ ಈಡಿಗೆ ಎರಡು ಹುಂಜ ಬೀಳಿಸಿಬಿಟ್ಟರು. ಎರಡನೆಯದು ಮೊದಲನೆಯದರ ಹಿಂದೆ, ಹುಲ್ಲಿನಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದುದು ಆ ಕ್ಷಣದಲ್ಲೇ ತಲೆಯೆತ್ತಿತ್ತು. ಅಂದಿನ ಮಿತಿ ಒಂದೇ ಹಕ್ಕಿ. ಅವರು ತಾವಾಗಿ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿ, ನಡೆದದ್ದನ್ನು ಇದ್ದಂತೆ ಹೇಳಿ, ಹಕ್ಕಿಗಳ ಪಕ್ಕದಲ್ಲೇ ಕಾದು ಕೂತರು. ಮಾಡಬೇಕಾದದ್ದೂ ಅದೇ.

ಹಕ್ಕಿ ಬಿದ್ದ ಮೇಲೆ ಮೊದಲು ಸೇಫ್ಟಿ ಹಾಕಿ, ಓಡದೆ ನಡೆದು ಹೋಗಿ, ಹಕ್ಕಿ ಸತ್ತಿರುವುದು ಖಚಿತವಾದ ಮೇಲೆ ಕೋವಿ ಖಾಲಿ ಮಾಡಬೇಕು. ಹುಂಜದ ಕಾಲಿನ ಮುಳ್ಳು ಚೂಪಾಗಿರುತ್ತದೆ, ಒದ್ದಾಡುವಾಗ ಬರಿಗೈಯಲ್ಲಿ ಹಿಡಿದರೆ ಅಂಗೈ ಸೀಳುತ್ತದೆ. ಕಾರಿನವರೆಗೆ ಹೊತ್ತು ತರುವಾಗ ಅದನ್ನು ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಸುತ್ತಿಕೊಳ್ಳಿ, ಇಲ್ಲವಾದರೆ ಹೆಗಲ ಮೇಲೆ ರೆಕ್ಕೆ ಬಡಿಯುತ್ತಿರುವಂತೆ ಕಾಣುವ ಟರ್ಕಿಗೆ ಇನ್ನೊಬ್ಬ ಗುರಿಯಿಟ್ಟಾನು. ಮಿಸೌರಿಯಲ್ಲಾದರೆ ಅದೇ ದಿನ ರಾತ್ರಿ 10 ಗಂಟೆಯೊಳಗೆ ಫೋನಿನಲ್ಲೋ ಜಾಲತಾಣದಲ್ಲೋ ಬೇಟೆಯನ್ನು ನೋಂದಾಯಿಸಬೇಕು. ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ. ಅಲ್ಲಿನ ಕಾಡಿನ ಒಂದು ಜಾತಿಯ ಉಣ್ಣೆ ಕಚ್ಚಿದರೆ ಕುರಿ, ದನ, ಹಂದಿಯ ಮಾಂಸ ಒಗ್ಗದ ಅಲರ್ಜಿ ಬರಬಹುದು. ಹಾಗಾದವರಿಗೂ ಟರ್ಕಿ ಮಾಂಸ ಒಗ್ಗುತ್ತದೆ ಎಂಬುದನ್ನು ನಮ್ಮ ತಂಡದಲ್ಲಿ ಅಲರ್ಜಿ ಬಂದ ಒಬ್ಬರು ಪ್ರತಿ ಏಪ್ರಿಲ್‌ನಲ್ಲೂ ನೆನಪಿಸುತ್ತಿರುತ್ತಾರೆ.

ಅಡುಗೆಗೆ ಮುನ್ನ ಕತ್ತನ್ನೂ ಎದೆಯ ಮೇಲ್ಭಾಗವನ್ನೂ ಬೆಳಕಿಗೆ ಹಿಡಿದು, ನೆತ್ತರು ಹೆಪ್ಪುಗಟ್ಟಿದ ಕಡೆಯೆಲ್ಲ ಬೆರಳಾಡಿಸಿ ಚರೆ ತೆಗೆಯಿರಿ. ಚರೆ ಗರಿಯ ಚೂರನ್ನು ಒಳಗೆ ಎಳೆದುಕೊಂಡು ಹೋಗಿರುತ್ತದೆ, ಗರಿಯ ಜಾಡು ಹಿಡಿದರೆ ಚರೆ ಸಿಗುತ್ತದೆ. ಸೀಸದ ಚರೆ ಹೊಟ್ಟೆಗೆ ಹೋಗಬಾರದು. ಟಂಗ್‌ಸ್ಟನ್ ಚರೆಯಂತೂ ಹಲ್ಲಿಗಿಂತ ಗಟ್ಟಿ. ಹೋದ ವರ್ಷ ಕಾಳುಮೆಣಸು ಹಾಕಿ ಮಾಡಿದ ಟರ್ಕಿ ಹುರುಕಲನ್ನು ಬಡಿಸಿದಾಗ ನಮ್ಮ ಭಾವ ಎರಡನೆಯ ತುತ್ತಿಗೆ ಕಟಕ್ಕನೆ ಏನನ್ನೋ ಕಚ್ಚಿ, ನಾಲಿಗೆಯಿಂದ ತುದಿಗೆ ತಂದು, ಅಂಗೈಯಲ್ಲಿಟ್ಟುಕೊಂಡು, “ಮೆಣಸೇ ಇರಬೇಕು” ಎಂದರು. ಎರಡು ಮಿಲಿಮೀಟರ್, 9ನೇ ನಂಬರು.